ಓದುಗರು ಕೇಳಿದ್ದು: ಕಿಟ್ಟ, ಕುಲುಮೆ, ಕಲಾಯಿ

ಹೋದ ಸಂಚಿಕೆಯಲ್ಲಿ ಅದಿರಿನಿಂದ ಲೋಹ ತೆಗೆಯುವ ಕುಲುಮೆಗಳ ಬಗ್ಗೆ ಒಂದು ಪುಟ್ಟ ಉತ್ತರ ಬರೆದಿದ್ದೆ. ಅದನ್ನು ಓದಿ ಮೈಸೂರು, ಮಂಡ್ಯ ಕಡೆಯಿಂದಲೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದೇನೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ. ಮೂವತ್ತು ವರ್ಷ ಮೈಸೂರಿನಲ್ಲಿ ಎರಕದ ಕೆಲಸ ಮಾಡಿದವನು ನಾನು, ನನಗೆ ಇಷ್ಟವಾದ ವಿಷಯ ಇದು.

ಪ್ರಶ್ನೆ: ಸಾರ್, ನಮ್ಮ ಹೊಲ ಉಳುವಾಗ ಒಂದು ಮೂಲೆಯಲ್ಲಿ ಯಾವಾಗಲೂ ಕಪ್ಪು ಕಲ್ಲು ಸಿಗುತ್ತವೆ. ತುಂಬಾ ಭಾರ. ಮೈಯೆಲ್ಲ ತೂತು. ಒಡೆದರೆ ಒಳಗೆ ಗಾಜಿನ ಹಾಗೆ ಹೊಳೆಯುತ್ತದೆ. ಇದು ಆಕಾಶದಿಂದ ಬಿದ್ದ ಉಲ್ಕೆ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಅಂತ ಒಬ್ಬರು ಬಂದು ಹೇಳಿದ್ದಾರೆ. ಪರೀಕ್ಷೆ ಮಾಡಿಸಿಕೊಡುತ್ತೇನೆ ಅಂತ ಮುಂಗಡ ದುಡ್ಡು ಕೇಳುತ್ತಿದ್ದಾರೆ. ಕೊಡಲೇ? — ಮದ್ದೂರು ತಾಲೂಕಿನ ಒಬ್ಬ ರೈತರು

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ನೀವು ಬರೆದ ಗುರುತು ನೋಡಿದರೆ ಅದು ಕಿಟ್ಟ. ಕಬ್ಬಿಣ ತೆಗೆಯುವಾಗ ಕುಲುಮೆಯಿಂದ ಹರಿದು ಆಚೆ ಬರುವ ಕಸ.

ಉಲ್ಕೆಯಲ್ಲಿ ಹೀಗೆ ಗುಳ್ಳೆ ತೂತು ಇರುವುದಿಲ್ಲ. ಕುದಿಯುತ್ತಿದ್ದ ರಸ ತಣಿದು ಕಲ್ಲಾದಾಗ ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ತೂತಾಗುತ್ತದೆ, ಅದು ಕಿಟ್ಟದ ಗುರುತು. ಇನ್ನೊಂದು ಗುರುತೂ ಇದೆ. ಒಂದೆರಡು ತುಂಡು ಆರಿಸಿ ಮೇಲ್ಮೈ ನೋಡಿ. ಬೆಲ್ಲದ ಪಾಕ ನೆಲಕ್ಕೆ ಚೆಲ್ಲಿ ಗಟ್ಟಿಯಾದರೆ ಹೇಗೆ ಮಡಿಕೆ ಮಡಿಕೆಯಾಗಿ ನಿಲ್ಲುತ್ತದೋ ಹಾಗೆ ಸುಕ್ಕು ಕಾಣುತ್ತದೆ. ಅಯಸ್ಕಾಂತ ಹಿಡಿದರೆ ಸ್ವಲ್ಪ ಎಳೆಯಬಹುದು. ಅದನ್ನು ನೋಡಿ ಉಲ್ಕೆ ಅಂತ ನಂಬಬೇಡಿ. ಹಳೆಯ ಕಿಟ್ಟದಲ್ಲಿ ಕಬ್ಬಿಣದ ಅಂಶ ಬೇಕಾದಷ್ಟು ಉಳಿದಿರುತ್ತದೆ, ಕೆಲವು ಸಲ ತೂಕದಲ್ಲಿ ಅರ್ಧದಷ್ಟು ಕಬ್ಬಿಣದ ಆಕ್ಸೈಡೇ ಇರುತ್ತದೆ. ಅದಕ್ಕೇ ಅಷ್ಟು ಭಾರ.

ಅಂದರೆ ನಿಮ್ಮ ಹೊಲದ ಆ ಮೂಲೆಯಲ್ಲೋ ಅದರ ಆಸುಪಾಸಿನಲ್ಲೋ ಒಂದು ಕಾಲಕ್ಕೆ ಕಬ್ಬಿಣ ತೆಗೆಯುತ್ತಿದ್ದರು. ಇದು ನಮ್ಮ ಸೀಮೆಗೆ ಹೊಸದೇನಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರು ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯೆಲ್ಲ ಸುತ್ತಿದರು. ದಾರಿಯಲ್ಲಿ ಕಂಡ ಕಬ್ಬಿಣದ ಕುಲುಮೆಗಳನ್ನು, ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾರೆ.

ಆ ಕುಲುಮೆ ಹೇಗಿರುತ್ತಿತ್ತು ಅಂದರೆ, ಮಣ್ಣಿನ ಒಂದು ಗೂಡು. ಕೆಳಗೆ ತೂತು, ಅದಕ್ಕೆ ಮಣ್ಣಿನ ಕೊಳವೆ, ಕೊಳವೆಗೆ ಚರ್ಮದ ತಿದಿ. ಮೇಲಿನಿಂದ ಒಂದು ಬುಟ್ಟಿ ಇದ್ದಿಲು, ಸ್ವಲ್ಪ ಅದಿರು, ಮತ್ತೆ ಇದ್ದಿಲು, ಮತ್ತೆ ಅದಿರು. ಗಂಟೆಗಟ್ಟಲೆ ತಿದಿ ಒತ್ತಬೇಕು. ಒಬ್ಬರು ಸುಸ್ತಾದರೆ ಇನ್ನೊಬ್ಬರು. ಶಾಖ 1200 ಡಿಗ್ರಿ ಹತ್ತಿರ ಬಂದಾಗ ಅದಿರಿನಲ್ಲಿದ್ದ ಮಣ್ಣು, ಮರಳು ಕರಗಿ ಕಿಟ್ಟವಾಗಿ ಕೆಳಗೆ ಇಳಿಯುತ್ತದೆ. ಕಬ್ಬಿಣ ಮಾತ್ರ ಕರಗುವುದಿಲ್ಲ! ಅದು ಕರಗಲು 1538 ಡಿಗ್ರಿ ಬೇಕು. ಹಾಗಾಗಿ ಅದು ಒಳಗೇ ಹೀರೇಕಾಯಿ ನಾರಿನ ಹಾಗೆ ತೂತು ತೂತಾದ ಮುದ್ದೆಯಾಗಿ ಕೂತಿರುತ್ತದೆ. ಗೂಡು ಒಡೆದು ಇಕ್ಕಳದಲ್ಲಿ ಅದನ್ನು ಎಳೆದು, ಕೆಂಪಗಿರುವಾಗಲೇ ಬಡಿದು ಬಡಿದು ಉಳಿದ ಕಿಟ್ಟ ಹಿಂಡಿ ತೆಗೆಯುತ್ತಿದ್ದರು.

ನಿಮ್ಮ ಕಡೆಯ ಆಲೆಮನೆ ನೆನಪು ಮಾಡಿಕೊಳ್ಳಿ. ಕೊಪ್ಪರಿಗೆ ಕುದಿಯುವಾಗ ಸುಣ್ಣದ ನೀರು, ಬೆಂಡೆ ಗಿಡದ ಲೋಳೆ ಹಾಕುತ್ತಾರೆ ಅಲ್ವಾ? ಕೊಳೆಯೆಲ್ಲ ಒಟ್ಟುಗೂಡಿ ಮಡ್ಡಿಯಾಗಿ ಮೇಲೆ ಬರುತ್ತದೆ, ತೆಗೆದು ಆಚೆ ಚೆಲ್ಲುತ್ತಾರೆ. ಕಿಟ್ಟವೂ ಕುಲುಮೆಯ ಮಡ್ಡಿಯೇ. ಇವತ್ತಿನ ದೊಡ್ಡ ಊದುಕುಲುಮೆಗಳಲ್ಲಂತೂ ಅದಿರಿನ ಜೊತೆ ಸುಣ್ಣದ ಕಲ್ಲನ್ನೇ ಹಾಕುತ್ತಾರೆ, ಕೊಳೆ ಸುಣ್ಣದ ಜೊತೆ ಸೇರಿ ತೆಳ್ಳಗೆ ಕರಗಿ ಮೇಲೆ ತೇಲಲಿ ಅಂತ.

ಆ ಕಲ್ಲುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಆದರೆ ಎಲ್ಲವನ್ನೂ ಬದುವಿಗೆ ಸುರಿದು ಮುಚ್ಚಬೇಡಿ. ಮಣ್ಣಿನ ಕೊಳವೆಯ ತುಂಡು, ಸುಟ್ಟ ಗೂಡಿನ ಗೋಡೆ ಏನಾದರೂ ಕಂಡರೆ ಅಲ್ಲಿ ಉಳುಮೆ ನಿಲ್ಲಿಸಿ, ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯ ಕಚೇರಿಗೆ ಒಂದು ಮಾತು ತಿಳಿಸಿ. ನಮ್ಮ ಊರಿನವರ ಕೈಕೆಲಸಕ್ಕೆ ಉಳಿದಿರುವ ಸಾಕ್ಷಿ ಅದು.

ಪ್ರಶ್ನೆ: ಅದಿರನ್ನು ಕರೆಂಟ್ ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿದರೆ ಸಾಕಲ್ಲವೇ, ಇದ್ದಿಲು, ಕಲ್ಲಿದ್ದಲಿನಿಂದ ಮಾಡಿದ ಕೋಕ್ ಯಾಕೆ ಬೇಕು? ಕಲ್ಲಿದ್ದಲಿನಿಂದ ಹೊಗೆ ಜಾಸ್ತಿ ಅಂತ ಎಲ್ಲರೂ ಬೈಯುತ್ತಾರೆ. ನಮ್ಮ ಲೆಕ್ಚರರ್ ಹತ್ತಿರ ಕೇಳಿದೆ, ಸಿಲಬಸ್‌ನಲ್ಲಿ ಇಲ್ಲ ಅಂದರು. — ಮೈಸೂರಿನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನೋಡಮ್ಮ, ಬಂದ ಪತ್ರಗಳಲ್ಲೆಲ್ಲ ನನಗೆ ಖುಷಿ ಕೊಟ್ಟ ಪ್ರಶ್ನೆ ಇದು. ಸಿಲಬಸ್‌ನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥ ಆಗುತ್ತದೆ.

ಕರಗಿಸುವುದು ಬೇರೆ, ಬಿಡಿಸುವುದು ಬೇರೆ. ಅದಿರಿನಲ್ಲಿ ಕಬ್ಬಿಣ ಒಂಟಿಯಾಗಿ ಇಲ್ಲ. ಆಮ್ಲಜನಕದ ಜೊತೆ ಗಂಟು ಹಾಕಿಕೊಂಡಿದೆ. ಶುದ್ಧ ಹೆಮಟೈಟ್ ಅದಿರು 160 ಗ್ರಾಂ ತಗೊಂಡರೆ ಅದರಲ್ಲಿ 112 ಗ್ರಾಂ ಕಬ್ಬಿಣ, 48 ಗ್ರಾಂ ಆಮ್ಲಜನಕ. ನೀನು ಬರೀ ಕಾಯಿಸುತ್ತಾ ಹೋದರೆ 1400 ಡಿಗ್ರಿ ಹತ್ತಿರ ಅದು ಸ್ವಲ್ಪ ಆಮ್ಲಜನಕ ಬಿಟ್ಟು ಮ್ಯಾಗ್ನೆಟೈಟ್ ಅನ್ನುವ ಇನ್ನೊಂದು ಅದಿರು ಆಗುತ್ತದೆ. ಅಷ್ಟೇ. ಇನ್ನೂ ಕಾಯಿಸಿದರೆ ಕರಗುತ್ತದೆ, ಆದರೆ ಕರಗಿದ ಅದಿರೇ ಹೊರತು ಕಬ್ಬಿಣ ಅಲ್ಲ. ತಣಿದ ಮೇಲೆ ಮತ್ತೆ ಕಲ್ಲು.

ಆ ಗಂಟು ಬಿಚ್ಚಬೇಕಾದರೆ ಆಮ್ಲಜನಕಕ್ಕೆ ಕಬ್ಬಿಣಕ್ಕಿಂತ ಬೇಕಾದವರು ಯಾರಾದರೂ ಪಕ್ಕದಲ್ಲಿ ಇರಬೇಕು. ಹೆಚ್ಚು ಶಾಖದಲ್ಲಿ ಕಾರ್ಬನ್ ಅಂಥದ್ದು, ಇದ್ದಿಲು ಅಂದರೆ ಬಹುಪಾಲು ಕಾರ್ಬನ್ನೇ. ಇದ್ದಿಲಿಗೆ ಗಾಳಿ ಊದಿದಾಗ ಮೊದಲು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲೆ ಏರುತ್ತಾ ಇನ್ನಷ್ಟು ಕೆಂಡಕ್ಕೆ ತಗುಲಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಈ ಮೊನಾಕ್ಸೈಡ್ ಅದಿರಿನ ತೂತುಗಳೊಳಗೆಲ್ಲ ನುಗ್ಗಿ ಆಮ್ಲಜನಕವನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಹಾಗಾಗಿ ಇದ್ದಿಲಿಗೆ ಎರಡು ಕೆಲಸ. ಬೆಂಕಿಯೂ ಅದೇ, ಗಂಟು ಬಿಚ್ಚುವ ಕೈಯೂ ಅದೇ. ಕರೆಂಟ್ ಮೊದಲನೆಯ ಕೆಲಸ ಮಾಡುತ್ತದೆ, ಎರಡನೆಯದನ್ನು ಮಾಡುವುದಿಲ್ಲ.

ಯಾವ ಲೋಹ ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ, ಎಷ್ಟು ಶಾಖಕ್ಕೆ ಕಾರ್ಬನ್ ಅದನ್ನು ಗೆಲ್ಲುತ್ತದೆ ಅನ್ನುವುದನ್ನೆಲ್ಲ ಒಂದೇ ಚಿತ್ರದಲ್ಲಿ ಗೆರೆ ಎಳೆದು ತೋರಿಸಿದವರು ಹೆರಾಲ್ಡ್ ಎಲಿಂಗ್‌ಹ್ಯಾಮ್, 1944ರಲ್ಲಿ. ಲೈಬ್ರರಿಯಲ್ಲಿ ಹಳೆಯ ಕೆಮಿಸ್ಟ್ರಿ ಪುಸ್ತಕ ತೆಗೆದು ಎಲಿಂಗ್‌ಹ್ಯಾಮ್ ಚಿತ್ರ ಹುಡುಕು. ಲೋಹಗಳ ಗೆರೆಗಳೆಲ್ಲ ಮೇಲಕ್ಕೆ ಹೋಗುತ್ತವೆ, ಕಾರ್ಬನ್ ಮೊನಾಕ್ಸೈಡ್ ಆಗುವ ಗೆರೆ ಒಂದು ಮಾತ್ರ ಕೆಳಕ್ಕೆ ಇಳಿಯುತ್ತದೆ. ಎಲ್ಲಿ ಅದು ಒಂದು ಲೋಹದ ಗೆರೆಯನ್ನು ದಾಟುತ್ತದೋ ಅಲ್ಲಿಂದ ಮುಂದೆ ಆ ಲೋಹ ಕಾರ್ಬನ್‌ಗೆ ಸೋಲುತ್ತದೆ. ಆ ಚಿತ್ರವನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಯವರೆಗೆ ನಾವು ಕುಲುಮೆಯ ಮುಂದೆ ಅಭ್ಯಾಸದ ಮೇಲೆ ಮಾಡುತ್ತಿದ್ದ ಎಷ್ಟೋ ಕೆಲಸಕ್ಕೆ ಅಲ್ಲಿ ಕಾರಣ ಇತ್ತು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಭದ್ರಾವತಿ ಇದೆ. ಮೈಸೂರು ಸಂಸ್ಥಾನ ಕಟ್ಟಿಸಿದ ಕಾರ್ಖಾನೆ, ವಿಶ್ವೇಶ್ವರಯ್ಯನವರ ಕನಸು. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯಲು ಶುರುವಾದಾಗ ಕೋಕ್ ಅಲ್ಲ, ಮಲೆನಾಡಿನ ಮರದ ಇದ್ದಿಲನ್ನೇ ಹಾಕುತ್ತಿದ್ದರು. ಅದಿರು ಕೆಮ್ಮಣ್ಣುಗುಂಡಿಯದು. ಊದುಕುಲುಮೆಯಲ್ಲಿ ಕಬ್ಬಿಣ ಕೆಳಗೆ ಇಳಿಯುವಾಗ ಸುಮಾರು ನೂರಕ್ಕೆ ನಾಲ್ಕರಷ್ಟು ಕಾರ್ಬನ್ ಹೀರಿಕೊಳ್ಳುತ್ತದೆ. ಹಾಗೆ ಹೀರಿಕೊಂಡ ಕಬ್ಬಿಣ 1150 ಡಿಗ್ರಿಗೇ ಕರಗಿಬಿಡುತ್ತದೆ. ಅದಕ್ಕೇ ಮಣ್ಣಿನ ಗೂಡಿನಲ್ಲಿ ಮುದ್ದೆಯಾಗಿ ಉಳಿಯುತ್ತಿದ್ದದ್ದು ಇಲ್ಲಿ ನೀರಿನ ಹಾಗೆ ಹರಿಯುತ್ತದೆ. ಆಮೇಲೆ ಆ ಕಾರ್ಬನ್ ಸುಟ್ಟು ತೆಗೆದರೆ ಉಕ್ಕು.

ಹೊಗೆಯ ವಿಷಯಕ್ಕೆ ಬರೋಣ. ನಿನ್ನ ಮಾತು ಸರಿ. ಊದುಕುಲುಮೆ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಹತ್ತಿರ ಹತ್ತಿರ ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಕಾರ್ಬನ್ ಬದಲು ಹೈಡ್ರೋಜನ್ ಹಾಕಿದರೂ ಗಂಟು ಬಿಚ್ಚುತ್ತದೆ, ಆಗ ಹೊರಗೆ ಬರುವುದು ನೀರಿನ ಆವಿ. ಸ್ವೀಡನ್‌ನಲ್ಲಿ 2021ರಲ್ಲಿ ಹಾಗೆ ಉಕ್ಕು ಮಾಡಿ ತೋರಿಸಿದ್ದಾರೆ. ಆದರೆ ಆ ಹೈಡ್ರೋಜನ್ ಮಾಡಲು ತುಂಬಾ ಕರೆಂಟ್ ಬೇಕು, ಅದು ಕಲ್ಲಿದ್ದಲಿನ ಕರೆಂಟ್ ಆದರೆ ಏನೂ ಲಾಭ ಇಲ್ಲ. ಇದರ ಮೇಲೆ ಕೆಲಸ ಮಾಡುವವರು ನಿನ್ನ ವಯಸ್ಸಿನವರಲ್ಲೇ ಬೇಕು. ಪಿಯುಸಿ ಆದ ಮೇಲೆ ಮೆಟಲರ್ಜಿ ಓದುವ ಮನಸ್ಸಿದ್ದರೆ ಸುರತ್ಕಲ್‌ನ ಎನ್‌ಐಟಿಯಲ್ಲಿ ಆ ವಿಭಾಗ ಇದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದೆ.

ಪ್ರಶ್ನೆ: ಹಾಗಾದರೆ ಅಲ್ಯುಮಿನಿಯಂ ಪಾತ್ರೆಯೂ ಹೀಗೇ ಇದ್ದಿಲು ಹಾಕಿ ಮಾಡಿದ್ದಾ? — ಸರಸ್ವತಿಪುರಂನಿಂದ ಗೃಹಿಣಿ

ಉತ್ತರ: ಇಲ್ಲ ಅಕ್ಕ. ಅಲ್ಯುಮಿನಿಯಂ ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂದರೆ 2000 ಡಿಗ್ರಿ ದಾಟುವವರೆಗೂ ಕಾರ್ಬನ್ ಕೈಯಲ್ಲಿ ಬಿಡಿಸಲು ಆಗುವುದಿಲ್ಲ. ಅದಕ್ಕೆ ವಿದ್ಯುತ್ತೇ ಬೇಕು. ಬಾಕ್ಸೈಟ್ ಅನ್ನುವ ಅದಿರಿನಿಂದ ಮೊದಲು ಬಿಳಿ ಪುಡಿ ತೆಗೆಯುತ್ತಾರೆ, ನಮ್ಮ ಬೆಳಗಾವಿಯಲ್ಲಿ ಈ ಕೆಲಸ ನಡೆಯುತ್ತದೆ. ಆ ಪುಡಿಯನ್ನು ಕ್ರಯೊಲೈಟ್ ಅನ್ನುವ ಉಪ್ಪಿನ ರಸದಲ್ಲಿ 950 ಡಿಗ್ರಿ ಹತ್ತಿರ ಕರಗಿಸಿ ಕರೆಂಟ್ ಹಾಯಿಸುತ್ತಾರೆ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದೇ ದಾರಿ ಕಂಡುಕೊಂಡರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ.

ಒಂದು ಕೆಜಿ ಹೊಸ ಅಲ್ಯುಮಿನಿಯಂಗೆ 13ರಿಂದ 15 ಯೂನಿಟ್ ಕರೆಂಟ್ ಖರ್ಚಾಗುತ್ತದೆ. ಹಳೆಯದನ್ನು ಕರಗಿಸಿ ಮತ್ತೆ ಬಳಸಿದರೆ ಅದರ ಇಪ್ಪತ್ತನೇ ಒಂದು ಪಾಲು ಶಕ್ತಿ ಸಾಕು. ತೂತಾದ ಪಾತ್ರೆಯನ್ನು ಅಟ್ಟದ ಮೇಲೆ ಇಟ್ಟುಕೊಳ್ಳಬೇಡಿ, ಗುಜರಿಗೆ ಹಾಕಿ.

ಪ್ರಶ್ನೆ: ನಮ್ಮ ಶಿವನಸಮುದ್ರದ ಕರೆಂಟ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು ಅಂತ ಓದಿದ್ದೇನೆ. ಚಿನ್ನ ಕರಗಿಸುವುದಕ್ಕಾ? — ಮಳವಳ್ಳಿಯ ನಿವೃತ್ತ ಶಿಕ್ಷಕರು

ಉತ್ತರ: ಓದಿದ್ದು ಸರಿ ಗುರುಗಳೇ, ಆದರೆ ಕರಗಿಸುವುದಕ್ಕಲ್ಲ. ನೆಲದ ಆಳದಿಂದ ಕಲ್ಲು ಎತ್ತಲು, ಕಲ್ಲು ಜಜ್ಜಿ ಪುಡಿ ಮಾಡಲು, ಗಾಳಿ ನೂಕಲು. ಸುಮಾರು 150 ಕಿಲೋಮೀಟರ್ ದೂರ ತಂತಿಯಲ್ಲಿ ಕರೆಂಟ್ ಹೋದದ್ದು ಆ ಕಾಲಕ್ಕೆ ದೊಡ್ಡ ಸಾಹಸ.

ಚಿನ್ನಕ್ಕೆ ಬಿಚ್ಚಬೇಕಾದ ಗಂಟೇ ಇಲ್ಲ. ಕಲ್ಲಿನೊಳಗೆ ಅದು ಚಿನ್ನವಾಗಿಯೇ ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ. ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ. ಅಷ್ಟಕ್ಕೆ ಒಂದು ಟನ್ ಕಲ್ಲು ಕರಗಿಸುತ್ತಾ ಕೂತರೆ ಸೌದೆ ಖರ್ಚೂ ಹುಟ್ಟುವುದಿಲ್ಲ. ಅದಕ್ಕೆ ಪುಡಿಯನ್ನು ಸಯನೈಡ್ ನೀರಿನಲ್ಲಿ ನೆನೆಸುತ್ತಾರೆ, ಚಿನ್ನ ಆ ನೀರಿಗೆ ಇಳಿಯುತ್ತದೆ, ಆಮೇಲೆ ಸತುವಿನ ಪುಡಿ ಹಾಕಿ ಚಿನ್ನವನ್ನು ಕೆಳಗೆ ಕೂರಿಸುತ್ತಾರೆ. ಬೆಂಕಿ ಬರುವುದು ಕಟ್ಟಕಡೆಗೆ. ಹಾಗೆ ಸಿಕ್ಕ ಕೆಸರನ್ನು ಬಿಳಿಗಾರದ ಜೊತೆ ಮೂಸೆಯಲ್ಲಿ ಕರಗಿಸಿದರೆ ಕೊಳೆ ಬಿಳಿಗಾರದಲ್ಲಿ ಸೇರಿ ಮೇಲೆ ತೇಲುತ್ತದೆ, ಚಿನ್ನ ಅಡಿಗೆ. ಅಕ್ಕಸಾಲಿಗರ ಅಂಗಡಿಯಲ್ಲಿ ನೀವು ನೋಡಿರುವುದೂ ಇದನ್ನೇ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಈಗ ನಮ್ಮಲ್ಲಿ ಹಟ್ಟಿ ಚಿನ್ನದ ಗಣಿ ನಡೆಯುತ್ತಿದೆ.

ಪ್ರಶ್ನೆ: ಇಂಗ್ಲಿಷಿನ ‘ವೂಟ್ಸ್’ ಅನ್ನುವುದು ನಮ್ಮ ‘ಉಕ್ಕು’ ಅನ್ನುವ ಪದವೇ ಅಂತೆ, ನಿಜವೇ? ಟಿಪ್ಪುವಿನ ರಾಕೆಟ್ಟೂ ಅದರಲ್ಲೇ ಮಾಡಿದ್ದಾ? — ಶ್ರೀರಂಗಪಟ್ಟಣದ ಓದುಗರು

ಉತ್ತರ: ವೂಟ್ಸ್ ಅಂದರೆ ನಮ್ಮ ಕಡೆ ಮೂಸೆಯಲ್ಲಿ ಮಾಡುತ್ತಿದ್ದ ಉಕ್ಕಿಗೆ ಇಂಗ್ಲಿಷಿನವರ ಹೆಸರು. ಆ ಪದ ಉಕ್ಕಿನಿಂದಲೇ ಬಂದಿರಬೇಕು ಅಂತ ತುಂಬಾ ಜನ ವಿದ್ವಾಂಸರು ಹೇಳುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ.

ರಾಕೆಟ್ಟಿನ ಕೊಳವೆ ಮಾತ್ರ ಬೇರೆ, ಅದು ಬಡಿದ ಮೆದು ಕಬ್ಬಿಣ. ಬಾಗಿಸಿ ಕೊಳವೆ ಮಾಡಲು ಮೆದುವೇ ಬೇಕು. ಯೂರೋಪಿನವರ ರಾಕೆಟ್ಟು ಆಗ ಕಾಗದದ ಕೊಳವೆಯದು. ಕಬ್ಬಿಣದ ಕೊಳವೆ ಒಳಗಿನ ಒತ್ತಡ ತಡೆದುಕೊಳ್ಳುತ್ತಿದ್ದರಿಂದ ನಮ್ಮದು ಜಾಸ್ತಿ ದೂರ ಹೋಗುತ್ತಿತ್ತು.

ಉಕ್ಕು ಮಾಡುವ ರೀತಿ ಹೀಗೆ. ಮಣ್ಣಿನ ಪುಟ್ಟ ಮೂಸೆ. ಒಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಒಣ ಕಡ್ಡಿ, ಮೇಲೆ ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಬೇಕು. ಇಂಥ ಹತ್ತಾರು ಮೂಸೆ ಕುಲುಮೆಯಲ್ಲಿ ಜೋಡಿಸಿ ಗಂಟೆಗಟ್ಟಲೆ ಊದಬೇಕು. ಒಳಗೆ ಕಡ್ಡಿ ಇದ್ದಿಲಾಗುತ್ತದೆ, ಕಬ್ಬಿಣ ಆ ಕಾರ್ಬನ್ ಹೀರುತ್ತದೆ, ನೂರಕ್ಕೆ ಒಂದೂವರೆಯಷ್ಟು ಹೀರಿದಾಗ 1400 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಆಮೇಲೆ ಅವಸರ ಇಲ್ಲದೆ ತಣಿಯಲು ಬಿಡಬೇಕು. ಒಡೆದರೆ ಒಳಗೆ ಮುಷ್ಟಿಯಷ್ಟು ಉಕ್ಕಿನ ಗಡ್ಡೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಅಂಥವರು 1819ರ ಹೊತ್ತಿಗೆ ಇದನ್ನು ತರಿಸಿಕೊಂಡು ಗುಟ್ಟು ಹುಡುಕುತ್ತಿದ್ದರು. ಆ ತಂಗಡಿ ಗಿಡ ಇವತ್ತಿಗೂ ನಿಮ್ಮೂರ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ, ಹೋಗುವಾಗ ನೋಡಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಹಳೆ ಬ್ಯಾಟರಿ ಒಡೆದು ಸೌದೆ ಒಲೆ ಮೇಲೆ ಸೀಸ ಕರಗಿಸಿ ಮೀನಿನ ಬಲೆಗೆ ಗುಂಡು ಮಾಡುತ್ತಾರೆ. ಅರ್ಧಕ್ಕರ್ಧ ಬೂದಿಯಾಗಿ ಹಾಳಾಗುತ್ತದಂತೆ. ಜಾಸ್ತಿ ಸೀಸ ಬರುವ ಹಾಗೆ ಏನು ಬೆರೆಸಬೇಕು, ಕೇಳಿ ತಿಳಿಸಿ ಅಂದರು. — ಮಂಡ್ಯದಿಂದ ಒಬ್ಬ ಯುವಕ

ಉತ್ತರ: ಏನು ಬೆರೆಸಬೇಕು ಅಂತ ನಾನು ಹೇಳುವುದಿಲ್ಲ. ಈ ಪತ್ರ ಓದಿ ನನಗೆ ತುಂಬಾ ಭಯವಾಯಿತು. ತಮ್ಮಾ, ಇವತ್ತೇ ಹೋಗಿ ಆ ಕೆಲಸ ನಿಲ್ಲಿಸಲು ಹೇಳು.

ಸೀಸ 327 ಡಿಗ್ರಿಗೇ ಕರಗುತ್ತದೆ, ಮನೆಯ ಒಲೆಯೇ ಸಾಕು. ಸುಲಭ ಅನ್ನಿಸುವುದೇ ಇದರ ಅಪಾಯ. ಬ್ಯಾಟರಿ ತಟ್ಟೆಯಲ್ಲಿ ಗಟ್ಟಿ ಸೀಸದ ಜಾಲರಿ ಇರುತ್ತದೆ, ಅದರ ತೂತುಗಳಲ್ಲಿ ಸೀಸದ ಆಕ್ಸೈಡ್, ಸಲ್ಫೇಟ್ ಮೆತ್ತಿರುತ್ತದೆ. ಒಲೆಯಲ್ಲಿ ಜಾಲರಿ ಮಾತ್ರ ಕರಗುತ್ತದೆ. ಮೆತ್ತಿದ್ದು ಕರಗುವುದಿಲ್ಲ, ಬೂದಿ ಅಂತ ಅವರು ಅಂಗಳಕ್ಕೆ ಚೆಲ್ಲುತ್ತಿರುವುದು ಅದನ್ನೇ. ಅದು ಬೂದಿ ಅಲ್ಲ, ವಿಷದ ಪುಡಿ. ಗಾಳಿಯಲ್ಲಿ ಏಳುತ್ತದೆ, ಕೋಳಿ ಕೆದಕುತ್ತದೆ, ಅಂಗಳದಲ್ಲಿ ಆಡುವ ಮಗುವಿನ ಕೈಗೆ ಮೆತ್ತಿ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಸೀಸ ಮಗುವಿನ ಮೆದುಳಿಗೆ ಹೋದರೆ ಕಲಿಯುವ ಶಕ್ತಿ ಕುಂದುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ.

ಕಾರ್ಖಾನೆಯಲ್ಲಿ ಆ ಪುಡಿಯಿಂದಲೂ ಸೀಸ ತೆಗೆಯುತ್ತಾರೆ, ನಿಜ. ಅದಕ್ಕೆ 1000 ಡಿಗ್ರಿ ಹತ್ತಿರದ ಮುಚ್ಚಿದ ಕುಲುಮೆ ಬೇಕು, ಹೊಗೆಯೆಲ್ಲ ಹೀರಿ ಬಟ್ಟೆ ಚೀಲಗಳಲ್ಲಿ ಸೋಸುವ ವ್ಯವಸ್ಥೆ ಬೇಕು, ಕೆಲಸದವರ ರಕ್ತ ಪರೀಕ್ಷೆ ಆಗುತ್ತಿರಬೇಕು.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಊರಾಚೆ ಒಂದು ಶೆಡ್ಡಿನಲ್ಲಿ ಹೀಗೇ ಬ್ಯಾಟರಿ ಕರಗಿಸುತ್ತಿದ್ದರು. ಅಲ್ಲಿದ್ದ ಒಬ್ಬ ಹಿರಿಯರು ನನಗೆ ಮೂಸೆ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟವರು. ಯಾವಾಗಲೂ ಹೊಟ್ಟೆ ನೋವು ಅನ್ನುತ್ತಿದ್ದರು. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗುತ್ತಿದ್ದರು. ಒಂದು ದಿನ ಲೋಟ ಎತ್ತಲು ಹೋದರು, ಮಣಿಕಟ್ಟು ಮೇಲಕ್ಕೆ ಏಳಲೇ ಇಲ್ಲ, ಕೈ ಬಾಡಿದ ಎಲೆಯ ಹಾಗೆ ಕೆಳಗೆ ಜೋತುಬಿತ್ತು. ಒಸಡಿನ ಅಂಚಿನಲ್ಲಿ ನೀಲಿ ಗೆರೆ ಇತ್ತು. ನಾವು ಅದನ್ನು ದಿನಾ ನೋಡುತ್ತಿದ್ದೆವು, ಎಲೆ ಅಡಿಕೆಯ ಕಲೆ ಅಂದುಕೊಂಡಿದ್ದೆವು. ಅದು ಸೀಸದ ಗುರುತು ಅಂತ ನಮ್ಮಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಅವರ ಕೈ ಉಳಿಯುತ್ತಿತ್ತೇನೋ. ಮೂಸೆ ಹಿಡಿಯುವುದನ್ನು ಕಲಿಸಿದ ಕೈ ಅದು.

ಈಗ ಮಾಡಬೇಕಾದ್ದು ಹೇಳುತ್ತೇನೆ. ಆ ಮನೆಯ ಮಕ್ಕಳನ್ನು, ಗರ್ಭಿಣಿಯರಿದ್ದರೆ ಅವರನ್ನೂ, ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಸೀಸದ ವಿಷಯ ಬಾಯಿಬಿಟ್ಟು ಹೇಳಿ ರಕ್ತ ಪರೀಕ್ಷೆ ಕೇಳಬೇಕು. ಸುಮ್ನೆ ಹೊಟ್ಟೆ ನೋವು ಅಂದರೆ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಅಂಗಳದ ಪುಡಿಯನ್ನು ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ ಒದ್ದೆ ಮಾಡಿಯೇ ಎತ್ತಬೇಕು, ಗಟ್ಟಿ ಚೀಲದಲ್ಲಿ ಕಟ್ಟಿಡಬೇಕು. ಕಾವೇರಿಗಾಗಲೀ ಕಾಲುವೆಗಾಗಲೀ ಎಸೆಯಬಾರದು. ಎಲ್ಲಿಗೆ ಒಪ್ಪಿಸಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಆ ಒಲೆಯಲ್ಲಿ, ಆ ಪಾತ್ರೆಯಲ್ಲಿ ಅಡುಗೆ ಬೇಡವೇ ಬೇಡ. ಹಳೆ ಬ್ಯಾಟರಿಯನ್ನು ಅಂಗಡಿಯವರೇ ವಾಪಸ್ ತಗೊಂಡು ದುಡ್ಡು ಕೊಡುತ್ತಾರೆ, 2022ರ ಬ್ಯಾಟರಿ ನಿಯಮದ ಪ್ರಕಾರ ವಾಪಸ್ ಪಡೆಯುವ ಹೊಣೆ ತಯಾರಕರದ್ದೇ. ಬಲೆಗೆ ಸುಟ್ಟ ಮಣ್ಣಿನ ಗುಂಡು ಕಟ್ಟಿದರೂ ಆಗುತ್ತದೆ.

ಪ್ರಶ್ನೆ: ಕಬ್ಬಿಣವೇ ಕರಗುವ ಶಾಖದಲ್ಲಿ ಕುಲುಮೆ ಯಾಕೆ ಕರಗುವುದಿಲ್ಲ? — ನಂಜನಗೂಡಿನ 9ನೇ ತರಗತಿ ಹುಡುಗ

ಉತ್ತರ: ಒಳಗಡೆ ಹೊದಿಸುವ ಇಟ್ಟಿಗೆ ಬೇರೆ ಥರದ್ದು ಪುಟ್ಟಾ. ಮ್ಯಾಗ್ನೀಸಿಯಾ ಅನ್ನುವ ವಸ್ತುವಿನ ಇಟ್ಟಿಗೆ ಇದೆ, ಅದು ಕರಗಲು 2800 ಡಿಗ್ರಿ ದಾಟಬೇಕು. ಮ್ಯಾಗ್ನೆಸೈಟ್ ಅನ್ನುವ ಬಿಳಿ ಕಲ್ಲು ಸುಟ್ಟರೆ ಅದು ಸಿಗುತ್ತದೆ. ಆ ಬಿಳಿ ಕಲ್ಲು ನಿಮ್ಮೂರಿಗೂ ಮೈಸೂರಿಗೂ ಹತ್ತಿರದ ದೊಡ್ಡಕಾನ್ಯದ ಕಡೆ ನೆಲದಲ್ಲಿ ಇದೆ!

ಇನ್ನೊಂದು ಉಪಾಯ ನೀರು. ಊದುಕುಲುಮೆಗೆ ಬಿಸಿ ಗಾಳಿ ನುಗ್ಗಿಸುವ ಮೂತಿಗಳನ್ನು ತಾಮ್ರದಲ್ಲಿ ಮಾಡುತ್ತಾರೆ. ತಾಮ್ರ 1085ಕ್ಕೆ ಕರಗುತ್ತದೆ, ಅದರ ಮುಂದಿನ ಬೆಂಕಿ 2000 ಡಿಗ್ರಿ. ಆದರೂ ಕರಗುವುದಿಲ್ಲ, ಯಾಕೆಂದರೆ ಆ ತಾಮ್ರದ ಒಳಗೆ ನಿಲ್ಲದೆ ನೀರು ಹರಿಯುತ್ತಿರುತ್ತದೆ. ಕಾಗದದ ಲೋಟದಲ್ಲಿ ನೀರು ಹಾಕಿ ಕಾಯಿಸಿದರೆ ನೀರಿರುವ ತನಕ ಕಾಗದ ಸುಡುವುದಿಲ್ಲ, ಅದೇ ಲೆಕ್ಕ. ಮಾಡಿ ನೋಡುವಾಗ ದೊಡ್ಡವರು ಪಕ್ಕದಲ್ಲಿರಲಿ.

ಪ್ರಶ್ನೆ: ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆ ಅಂತ ಸುದ್ದಿಯಾಗಿತ್ತು. ನಮ್ಮ ಜಿಲ್ಲೆಯಲ್ಲೇ ಕುಲುಮೆ ಹಾಕಿ ಬ್ಯಾಟರಿ ಮಾಡಬಹುದಾ? — ಪಾಂಡವಪುರದ ಓದುಗರು

ಉತ್ತರ: ಮರಳಗಾಲ, ಅಲ್ಲಾಪಟ್ಣ ಸುತ್ತಮುತ್ತ ಪರಮಾಣು ಇಂಧನ ಇಲಾಖೆಯ ಭೂವಿಜ್ಞಾನಿಗಳು ಅಂದಾಜು ಮಾಡಿರುವುದು 1,600 ಟನ್ ಲಿಥಿಯಂ. ಅದೂ ‘ಊಹಿತ’ ಅನ್ನುವ ದರ್ಜೆಯ ಅಂದಾಜು, ಅಂದರೆ ಇನ್ನೂ ಹತ್ತಿರ ಹತ್ತಿರ ಕೊರೆದು ನೋಡಿ ಖಚಿತ ಮಾಡಿಕೊಳ್ಳಬೇಕು. ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ 8 ಕೆಜಿ ಲಿಥಿಯಂ ಅಂದುಕೊಂಡರೆ, ಪೂರ್ತಿ ಹೊರಗೆ ಬಂದರೂ 2 ಲಕ್ಷ ಕಾರಿಗೆ ಆಯಿತು. ದೇಶದ ಲೆಕ್ಕಕ್ಕೆ ಇದು ದೊಡ್ಡದಲ್ಲ. ಇದನ್ನು ನಂಬಿ ಯಾರೂ ಜಮೀನಿನ ವ್ಯಾಪಾರಕ್ಕೆ ಇಳಿಯಬೇಡಿ.

ಲಿಥಿಯಂ ಇರುವ ಸ್ಪೊಡ್ಯುಮೀನ್ ಕಲ್ಲಿಗೆ ಬೆಂಕಿ ಬೇಕು, ಆದರೆ ಕರಗಿಸಲು ಅಲ್ಲ. ಕಲ್ಲು ತುಂಬಾ ಗಟ್ಟಿ, ಆಸಿಡ್ ಹಾಕಿದರೂ ಜಗ್ಗುವುದಿಲ್ಲ. ಅದನ್ನು 1000 ಡಿಗ್ರಿ ದಾಟಿಸಿ ಹುರಿದರೆ ಒಳಗಿನ ಜೋಡಣೆಯೇ ಬದಲಾಗಿ ಕಲ್ಲು ಹಿಗ್ಗುತ್ತದೆ, ಬಿರಿಯುತ್ತದೆ. ಅಕ್ಕಿ ಬಿಸಿ ಮರಳಿನಲ್ಲಿ ಅರಳಿ ಕಡಲೆಪುರಿ ಆದ ಹಾಗೆ. ಆಮೇಲೆ ಗಂಧಕದ ಆಮ್ಲದ ಜೊತೆ 250 ಡಿಗ್ರಿ ಹತ್ತಿರ ಇನ್ನೊಮ್ಮೆ ಬಿಸಿ ಮಾಡಿ, ನೀರಿನಲ್ಲಿ ತೊಳೆದರೆ ಲಿಥಿಯಂ ನೀರಿಗೆ ಬರುತ್ತದೆ. ಇಷ್ಟು ಆಮ್ಲ, ಇಷ್ಟು ನೀರು, ಉಳಿದ ಪುಡಿಯ ಗುಡ್ಡೆ, ಇದನ್ನೆಲ್ಲ ಕಾವೇರಿ ಬಯಲಿನ ಗದ್ದೆಗಳ ಪಕ್ಕ ಇಡುವ ಮುಂಚೆ ಊರಿನವರು ಹತ್ತು ಸಲ ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ರೈಲು ಹಳಿ ಮೇಲೆ ಒಂದು ಮಡಕೆ ಇಟ್ಟು ಹೊತ್ತಿಸಿದರು, ಕಣ್ಣು ಕುಕ್ಕುವ ಬೆಳಕು, ಒಂದೇ ನಿಮಿಷದಲ್ಲಿ ಹಳಿ ಬೆಸುಗೆಯಾಯಿತು. ಗ್ಯಾಸೂ ಇಲ್ಲ, ಕರೆಂಟೂ ಇಲ್ಲ. ಏನದು? — ಯಲಿಯೂರು ಕಡೆಯ ಓದುಗರು

ಉತ್ತರ: ಥರ್ಮಿಟ್ ಬೆಸುಗೆ. ಮಡಕೆಯಲ್ಲಿ ಇದ್ದದ್ದು ಕಬ್ಬಿಣದ ಆಕ್ಸೈಡ್, ಅಲ್ಯುಮಿನಿಯಂ ಪುಡಿ. ಆಗಲೇ ಹೇಳಿದೆನಲ್ಲ, ಅಲ್ಯುಮಿನಿಯಂಗೆ ಆಮ್ಲಜನಕ ಅಂದರೆ ಬಲು ಆಸೆ. ಕಬ್ಬಿಣದಿಂದ ಕಿತ್ತುಕೊಳ್ಳುವಾಗ 2500 ಡಿಗ್ರಿಯಷ್ಟು ಶಾಖ ಹುಟ್ಟಿ ಕಬ್ಬಿಣ ಕರಗಿ ಸಂದಿಗೆ ಇಳಿಯುತ್ತದೆ. ನೀವು ನೋಡಿದ್ದು ಒಂದು ನಿಮಿಷದ ಪುಟ್ಟ ಊದುಕುಲುಮೆ, ಊದುವುದೊಂದು ಬಿಟ್ಟು.

ಪ್ರಶ್ನೆ: ಕಲಾಯಿ ಹಾಕುವವರು ಪಾತ್ರೆಗೆ ಬಿಳಿ ಪುಡಿ ಎರಚುತ್ತಾರಲ್ಲ, ಅದು ಯಾಕೆ? ತವರ ಅಂತ ಹೇಳಿ ಸೀಸ ಬೆರೆಸುತ್ತಾರೆ ಅಂತಾರೆ, ಹೇಗೆ ಗೊತ್ತಾಗುತ್ತದೆ? — ಕೆ.ಆರ್.ಪೇಟೆಯಿಂದ ಒಬ್ಬ ಅಜ್ಜಿ, ಮೊಮ್ಮಗಳ ಕೈಯಲ್ಲಿ ಬರೆಸಿದ್ದು

ಉತ್ತರ: ನಮಸ್ಕಾರ ಅಜ್ಜಿ. ಆ ಪುಡಿ ನವಸಾಗರ. ಪಾತ್ರೆ ಕಾದಾಗ ತಾಮ್ರದ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟುತ್ತದೆ, ಅದರ ಮೇಲೆ ತವರ ಅಂಟುವುದಿಲ್ಲ. ನವಸಾಗರ ಬಿಸಿಗೆ ಒಡೆದು ಆಮ್ಲ ಬಿಟ್ಟು ಆ ಪದರವನ್ನು ತಿನ್ನುತ್ತದೆ. ಬಿಳಿ ಹೊಗೆ ಏಳುವುದು ಅದಕ್ಕೇ, ಆಗ ಮಕ್ಕಳನ್ನು ದೂರ ನಿಲ್ಲಿಸಿ. ಹೊಗೆ ಏಳುತ್ತಿದ್ದ ಹಾಗೆಯೇ ಅವರು ತವರದ ಕಡ್ಡಿ ಸವರಿ ಹತ್ತಿಯಲ್ಲಿ ಒಂದು ಸುತ್ತು ಉಜ್ಜಿದರೆ, ಕೆಂಪು ಪಾತ್ರೆ ಕಣ್ಣೆದುರೇ ಬೆಳ್ಳಿಯಾಗುತ್ತದೆ. 232 ಡಿಗ್ರಿಗೇ ಕರಗುವ ಲೋಹ ಅದು, ಆ ಕೈಚಳಕಕ್ಕೆ ಸಿಗುವುದು ಕೆಲವು ಕ್ಷಣ ಮಾತ್ರ.

ಸೀಸ ಇದೆಯೋ ಇಲ್ಲವೋ ಅಂತ ನೋಡಲು ಕೆಲಸ ಶುರುವಾಗುವ ಮುಂಚೆ ಕಡ್ಡಿ ಕೇಳಿ. ಬಿಳಿ ಕಾಗದದ ಮೇಲೆ ಗೀಚಿ, ಪೆನ್ಸಿಲ್ ಥರ ಕಪ್ಪು ಗೆರೆ ಚೆನ್ನಾಗಿ ಮೂಡಿದರೆ ಸೀಸ ಇದೆ ಅಂತ ಅನುಮಾನ ಪಡಿ. ಆಮೇಲೆ ಮೊಮ್ಮಗಳ ಕೈಯಲ್ಲಿ ಕಡ್ಡಿ ಕೊಟ್ಟು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಲು ಹೇಳಿ. ಒಳ್ಳೆಯ ತವರ ಬಗ್ಗುವಾಗ ಕಿರ್ ಕಿರ್ ಅಂತ ಸದ್ದು ಮಾಡುತ್ತದೆ. ಸೀಸ ಜಾಸ್ತಿ ಬೆರೆತಿದ್ದರೆ ಸದ್ದಿಲ್ಲದೆ ಬಗ್ಗುತ್ತದೆ. ಹಾಗಾದರೆ ಅವತ್ತು ಪಾತ್ರೆ ಕೊಡಬೇಡಿ. ಎರಡೂ ಮುಗಿದ ಮೇಲೆ ಮೊಮ್ಮಗಳು ಸೋಪು ಹಾಕಿ ಕೈ ತೊಳೆದುಕೊಳ್ಳಲಿ.